ಬೀದಿಯ ಆಚೆ ಬದಿಯ ಓಟು

ನಮ್ಮ ಬೀದಿಗೆ ಎರಡು ಬದಿ. ಯಾವ ಬೀದಿಗೆ ಇಲ್ಲ ಅನ್ನಬೇಡಿ. ನಮ್ಮದರ ಎರಡು ಬದಿ ಎರಡು ವಾರ್ಡು. ಎಡಬದಿಯವರು ಒಬ್ಬ ಸದಸ್ಯನನ್ನು ಆರಿಸಿ ನಗರಸಭೆಗೆ ಕಳಿಸುತ್ತಾರೆ, ಬಲಬದಿಯವರು ಇನ್ನೊಬ್ಬನನ್ನು. ಇಸ್ತ್ರಿ ಅಕ್ಕನ ಮನೆ ಎಡಕ್ಕೆ, ಇಸ್ತ್ರಿ ಮೇಜು ಬಲಕ್ಕೆ. ಮನೆಯಲ್ಲಿ ಕುಕ್ಕರ್ ಕೂಗಿದರೆ ಮೇಜಿನ ಹತ್ತಿರ ಕೇಳಿಸುವಷ್ಟೇ ದೂರ.

ನೀರಿನ ಟ್ಯಾಂಕಿನ ಗೋಡೆಗೆ ಒರಗಿದ ತಗಡಿನ ಮಾಡು, ಅದರಡಿ ಹಳೇ ಕಂಬಳಿ ಹಾಸಿದ ಮೇಜು, ಕೆಂಡದ ಇಸ್ತ್ರಿಪೆಟ್ಟಿಗೆ, ಚಿಮುಕಿಸಲು ಒಂದು ಬಟ್ಟಲು ನೀರು. ಅಕ್ಕನ ಸಂಸಾರ ನಡೆಯುತ್ತಿದ್ದದ್ದೇ ಇದರಿಂದ. ಗಂಡ ಗಂಟು ಹೊತ್ತು ಮನೆಮನೆಗೆ ಮುಟ್ಟಿಸುತ್ತಿದ್ದ.

ಬಲಬದಿಯ ಸದಸ್ಯ ಸದಾ ಕಪ್ಪು ಕನ್ನಡಕದಲ್ಲಿರುವವ. ಬೀದಿಗೆಲ್ಲ ಅವನು ಗಾಗಲ್ಸು. ಮೇಜು ಎತ್ತಿಸಿ ಅಲ್ಲಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತೇನೆಂದು ಅವನು ಹೊರಟ. ಅಕ್ಕ ಹೋಗಿ ಕೈಮುಗಿದಳು.

“ಅಲ್ಲಮ್ಮಾ, ನೀನು ನಮ್ಮ ವಾರ್ಡಿನವಳೇ ಅಲ್ವಲ್ಲ! ನಿಮ್ಮ ಮೆಂಬರ್ ಹತ್ರ ಹೇಳ್ಕೋ ಹೋಗು” ಅಂದ.

ಎಡಬದಿಯ ಸದಸ್ಯ ಅಂದ: “ಜಾಗ ಅವರದು ಕಣಕ್ಕ. ಸಭೇಲಿ ಅವರು ಹೇಳಿದ್ದಕ್ಕೆ ನಾವು ಕೈ ಎತ್ಲೇಬೇಕು. ನಾಳೆ ನಮ್ಮ ಮೋರಿ ಕೆಲಸಕ್ಕೆ ಅವರ ಕೈ ಬೇಡ್ವಾ?”

ಅಷ್ಟರಲ್ಲಿ ನಗರಸಭೆ ಚುನಾವಣೆ ಬಂತು. ಗಾಗಲ್ಸಿನ ಎದುರು, ನಿವೃತ್ತಿಯಾಗಿದ್ದ ನರ್ಸಮ್ಮ ನಿಂತರು. “ಮೇಜು ಅಲ್ಲೇ ಇರುತ್ತೆ, ಗಾಡಿಗಳು ಟ್ಯಾಂಕಿನ ಹಿಂದೆ ನಿಲ್ಲಲಿ” ಅಂತ ಬೀದಿಯಲ್ಲಿ ನಿಂತೇ ಹೇಳಿದರು. ಅಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಅವಳು ಆಚೆ ವಾರ್ಡಿನವಳು, ನರ್ಸಮ್ಮನಿಗೆ ಓಟು ಹಾಕುವ ಹಾಗಿಲ್ಲ. ಅವಳ ಎಡಬದಿಯಲ್ಲಂತೂ ಈ ಸಲ ಓಟೇ ಇರಲಿಲ್ಲ. ಉಳಿದವರೆಲ್ಲ ನಾಮಪತ್ರ ಹಿಂದಕ್ಕೆ ಪಡೆದು, ಹಳೇ ಸದಸ್ಯನೊಬ್ಬನೇ ಉಳಿದು, ಅವಿರೋಧವಾಗಿ ಗೆದ್ದಾಗಿತ್ತು.

ಬಲಬದಿಯ ಓಟು ಕೈಲಿರಲಿಲ್ಲ, ಆದರೆ ಬಲಬದಿಯ ಬಟ್ಟೆಯೆಲ್ಲ ಅವಳ ಕೈಲೇ ಇತ್ತಲ್ಲ! ಗಂಟು ತಂದವರಿಗೆಲ್ಲ ಹೇಳಿದಳು. ಮೂಲೆಮನೆಯ ಮೇಷ್ಟ್ರು ನಕ್ಕರು.

“ದೊಡ್ಡ ಎಲೆಕ್ಷನ್ ಆದ್ರೆ ಸರಿ. ಇದು ಮೋರಿ, ನಲ್ಲಿ ಎಲೆಕ್ಷನ್ನು. ಇದಕ್ಕೂ ಹೋಗ್ಬೇಕಾ?”

“ಮೇಷ್ಟ್ರೇ, ನಿಮ್ಮನೆ ಮುಂದೆ ಇರೋದು ಮೋರೀನೇ ಅಲ್ವಾ? ಡೆಲ್ಲಿ ಇದ್ಯಾ?”

“ಅಬ್ಬಾ, ಬಾಯಿಗಿಂತ ಇಸ್ತ್ರಿಪೆಟ್ಟಿಗೇನೇ ತಣ್ಣಗಿದೆ ನಿಂದು! ಬರ್ತೀನಿ ಬಿಡಮ್ಮ. ಮನೆಮಂದಿ ಎಲ್ಲಾ ಬರ್ತೀವಿ.”

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಅಕ್ಕನ ಖುಷಿ ಸುಮ್ಮನಿರಲಿಲ್ಲ. “ಮುದುರಿದ ಅಂಗೀಲಿ ಹೋಗ್ಬೇಡಿ, ಕೊಡಿ, ಗರಿಗರಿ ಮಾಡಿಕೊಡ್ತೀನಿ” ಅಂದುಬಿಟ್ಟಳು. ಮೇಷ್ಟ್ರಿಗೊಬ್ಬರಿಗಲ್ಲ, ಬಲಬದಿಗೆಲ್ಲ.

ಓಟಿನ ದಿನ ರಜೆ. ಬೆಳಿಗ್ಗೆಯೇ ಮೇಜಿನ ಮೇಲೆ ಗುಡ್ಡ. ಉಡುವ ಒಂದು ಜೊತೆ ಕೊಡುವ ಬದಲು ಹೇಗೂ ರಜೆ ಅಂತ ವಾರದ ಬಟ್ಟೆಯನ್ನೆಲ್ಲ ಸುರಿದಿದ್ದರು. ಯಾವುದು ಇವತ್ತಿನದು, ಯಾವುದು ನಾಳೆಯದು? ಅಕ್ಕ ಕೆಂಡ ಊದಿದಳು, ನೀರು ಚಿಮುಕಿಸಿದಳು, ಒತ್ತಿದಳು. ಒಂದೊಂದು ಕಾಲರಿಗೂ ಎರಡು ಸಲ. ಗಂಡ ಓಡಾಡಿ ಓಡಾಡಿ ಸೋತ.

“ಲೇ, ಹೇಗೋ ಒಂದು ತೀಡಿ ಕೊಡೇ. ಓಟಿನ ಶಾಲೆ ಗೇಟು ಹಾಕಿಬಿಡ್ತಾರೆ!”

“ಹೇಗೋ ಒಂದು ತೀಡೋದು ನಂಗೆ ಗೊತ್ತಿಲ್ಲ ಕಣ್ರೀ.”

ಮಧ್ಯಾಹ್ನ ಇಳಿಯುವಾಗ ಅವಳೇ ಮೇಷ್ಟ್ರ ಮನೆಗೆ ಓಡಿದಳು. ಅವರು ಬನಿಯನ್ನಿನಲ್ಲಿ ಕೂತು ಟೀವಿ ನೋಡುತ್ತಿದ್ದರು.

“ಅಂಗಿಗೇ ಕಾಯ್ತಿದ್ದೆ ಕಣಮ್ಮ.”

“ಬೇರೆ ಅಂಗಿ ಇರ್ಲಿಲ್ವಾ ಮೇಷ್ಟ್ರೇ?”

“ನೀನೇ ಅಂದ್ಯಲ್ಲ, ಮುದುರಿದ್ದು ಬೇಡ ಅಂತ” ಅಂದು ಮೈಮುರಿದು ಎದ್ದರು. ಅಂಗಿ ತೊಟ್ಟರು, ಕನ್ನಡಿ ನೋಡಿದರು, ಚಪ್ಪಲಿ ಹುಡುಕಿದರು. ಮನೆಮಂದಿಯೆಲ್ಲ ಗರಿಗರಿಯಾಗಿ ಶಾಲೆಯ ಹತ್ತಿರ ಹೋಗುವಷ್ಟರಲ್ಲಿ ಗೇಟಿಗೆ ಚಿಲಕ ಬಿದ್ದಿತ್ತು. ಒಳಗೆ ಸಾಲಿನಲ್ಲಿದ್ದವರಿಗಷ್ಟೇ ಓಟು. ಪೊಲೀಸಿನವನು ಅವರ ಅಂಗಿ ನೋಡಿ, “ಯಾರ ಮದುವೆಗೆ ಸಾರ್?” ಅಂತ ಕೇಳಿದನಂತೆ.

ಎಣಿಕೆಯಾಯಿತು. ನರ್ಸಮ್ಮ ಸೋತರು. ದೊಡ್ಡ ಸೋಲೇನಲ್ಲ, ಓಟಿನ ಸಂಜೆ ಮೇಜಿನ ಮೇಲೆ ಉಳಿದಿದ್ದ ಅಂಗಿಗಳಷ್ಟು ಓಟು ಬಿದ್ದಿದ್ದರೂ ಗೆಲ್ಲುತ್ತಿದ್ದರು. ಜನ ಸೋಮಾರಿತನಕ್ಕೆ ಒಂದು ನೆಪ ಹುಡುಕುತ್ತಿದ್ದರೋ, ಇವಳೇ ನೆಪ ಕೈಗಿತ್ತಳೋ, ಹೇಗೆ ಹೇಳುವುದು? ಮೇಷ್ಟ್ರು ಮಾತ್ರ ಗಂಟು ತಂದಾಗ ಮುಖ ತಿರುಗಿಸಿಕೊಂಡು ಇಟ್ಟು ಹೋದರು.

ಮರುವಾರ ಹೊಸ ಸಭೆಯ ಮೊದಲ ಬೈಠಕ್ಕು. ಜಾಗ ತೆರವು ಮಾಡುವ ವಿಷಯವೂ ಅದರಲ್ಲೇ ಬರುವುದೆಂದು ಊರಿಗೆಲ್ಲ ಗೊತ್ತು. ಹಿಂದಿನ ದಿನ ಗಾಗಲ್ಸಿನ ಮನೆಯಿಂದ ಬಿಳಿ ಅಂಗಿಯೊಂದು ಇಸ್ತ್ರಿಗೆ ಬಂತು.

ಗಂಡ ಹಲ್ಲು ಕಚ್ಚಿದ. “ಬೆನ್ನಿಗೆ ಸರಿಯಾಗಿ ಒಂದು ಬರೆ ಎಳೆದು ಕಳಿಸೇ.”

ಅಕ್ಕ ಪೆಟ್ಟಿಗೆ ಎತ್ತಿ ಬಿಸಿ ನೋಡಿದಳು, ತುಸು ಆರಲು ಬಿಟ್ಟಳು. ನೀರು ಚಿಮುಕಿಸಿ ಕಾಲರಿಗೆ ಎರಡು ಸಲ ಒತ್ತಿದಳು. ನಾಳೆ ಸಭೆಯಲ್ಲಿ ಕೈ ಎತ್ತುವಾಗ ಸುಕ್ಕು ಕಾಣುವುದು ತೋಳಿನಲ್ಲೇ ಅಂತ, ತೋಳನ್ನು ಇನ್ನೊಮ್ಮೆ ತೀಡಿದಳು.