ಆಯಿಯ ಬೀಜದ ಗಡಿಗಿ

ಬೆಂದ ಹೆಸರಕಾಳಿನ ವಾಸನಿ ಬಂದ್ರ ನನಗ ಇವತ್ತಿಗೂ ತುತ್ತು ಇಳಿಯೂದಿಲ್ಲ. ಮೊನ್ನೆ ಕೊಪ್ಪಳದಾಗ ಮಗಳು ಕುಕ್ಕರ್ ಮುಚ್ಚಳ ತೆಗೆದಳು, ಹಬಿ ಮುಖಕ್ಕ ಬಡೀತು, ನಾ ಎದ್ದು ಹೊರಗ ಬಂದು ಕುಂತೆ. "ಯಾಕವ್ವಾ, ಕಾಳು ಕಂಡ್ರ ಯಾಕ ಹಿಂಗ ಮಾಡ್ತಿ?" ಅಂದ್ಲು. ಪಿತ್ತ ಆಗ್ತೈತಿ ಅಂದೆ. ಎಲ್ಲಿ ಪಿತ್ತ... ನೆನಪಾಗಿದ್ದು ಬಾಜೂಮನಿ ಆಯಿ.

ನಾ ಗಂಗಾವತಿ ಕಡೆ, ಕಾಲುವಿ ನೀರಾಗ ಬೆಳದಾಕಿ. ನಮ್ಮ ತವರಾಗ ಮುಗಲು ನೋಡೂ ಮಂದೀನ ಕಡಿಮಿ. ಡ್ಯಾಮ್ ತುಂಬಿ ಕಾಲುವಿಗೆ ನೀರು ಬಿಟ್ರು ಅಂದ್ರ ಮುಗೀತು, ಭತ್ತದ ನಾಟಿ ಶುರು. ಮದಿವಿ ಆಗಿ ಯಲಬುರ್ಗಾ ಕಡೆ ಎರಿಹೊಲದ ಊರಿಗೆ ಬಂದೆ. ಇಲ್ಲಿ ಬೀಗರನ್ನ ಕೇಳಿದಂಗ ಮಳಿನ ಕೇಳ್ತಿದ್ರು. ರೋಹಿಣಿ ಬಂತೇನು, ಮಿರಗ ಎಲ್ಲಿ ಹೋತು, ಆರಿದ್ರಿ ಏನ ಮಾಡ್ತೈತೋ! ನನಗ ನಗಿ ಬರ್ತಿತ್ತು.

ಆಯಿಗೆ ಗಂಡ ಇರಲಿಲ್ಲ. ಎರಡ ಎಕರೆ ಹೊಲ, ದುಡಿಯೂ ಮಗ, ಅಷ್ಟ. ಆಕಿ ಹಂತ್ಯಾಕಿದ್ದ ಹೆಸರಕಾಳಿನ ಬೀಜ ಆಕಿ ಅತ್ತಿ ಕಾಲದಿಂದ ಬಂದದ್ದು. ಪ್ರತಿ ವರ್ಷ ಅದನ್ನ ಎರಡ ಗಡಿಗ್ಯಾಗ ತುಂಬಿ, ಬೂದಿ, ಬೇವಿನ ತಪ್ಪಲ ಹಾಕಿ, ಬಾಯಿಗೆ ಸಗಣಿ ಮೆತ್ತಿ, ಒಂದನ್ನ ತನ್ನ ಮನ್ಯಾಗ, ಒಂದನ್ನ ಮತ್ತೊಬ್ಬರ ಮನ್ಯಾಗ ಇಡಾಕಿ. "ನಮ್ಮನ್ಯಾಗ ಇಲಿ ಭಾಳ ಅದಾವ ತಂಗಿ, ಅರ್ಧ ನಿನ್ನ ಹಂತ್ಯಾಕ ಇರಲಿ" ಅಂತ ಆ ವರ್ಷ ನನ್ನ ಕೈಯಾಗ ಕೊಟ್ಲು. ನಾ ಹೊಸ ಸೊಸಿ. ನನ್ನ ನಂಬಿದಳಲ್ಲಾ ಅಂತ ಉಬ್ಬಿ ಹೋಗಿದ್ದೆ.

ಮಿರಗ ಛಲೋ ಹೊಡೀತು. ಆಯಿ ತನ್ನ ಮನಿ ಗಡಿಗಿ ಬಿಚ್ಚಿ ಬಿತ್ತಿ ಬಂದ್ಲು. ಎಂಟ ದಿನಕ್ಕ ನಮ್ಮ ಅಣ್ಣಂದಿರು ಹೇಳದ ಕೇಳದ ಬಂದ್ರು. ಮನ್ಯಾಗ ಕಾಯಿಪಲ್ಲೆ ಇಲ್ಲ, ಸಂತಿ ಇನ್ನೂ ನಾಕ ದಿನ ದೂರ. ಗಡಿಗಿ ಕಣ್ಣಿಗೆ ಬಿತ್ತು. ಬಿತ್ತಿಗಿ ಮುಗೀತಲ್ಲ, ಇನ್ನ ಇದು ತಿನ್ನೂ ಕಾಳು ಅನಕೊಂಡೆ. ಕಾಲುವಿ ಊರಿನ ಬುದ್ಧಿ ನೋಡ್ರಿ! ಒಮ್ಮೆ ಬಿತ್ತಿದ್ದು ಒಣಗಿದ್ರ ಮತ್ತ ಬಿತ್ತಬೇಕಾಗ್ತೈತಿ ಅಂತ ನನಗ ಗೊತ್ತ ಇರಲಿಲ್ಲ. ಸಂತ್ಯಾಗ ತಂದು ಸೇರಿಗೆ ಸೇರು ತುಂಬಿಟ್ರಾತು ಅಂತ ಸಗಣಿ ಒಡದೆ. ಅಣ್ಣಂದಿರು ಬಿಸಿ ರೊಟ್ಟಿ, ಪಲ್ಲೆ ಹೊಗಳಿ ಹೊಗಳಿ ಉಂಡ್ರು. ಆಮ್ಯಾಲ ದಿನಾ ಕೈ ಅಲ್ಲೇ ಹೋತು. ಗಡಿಗಿ ಬರಿದಾತು. ಸಂತಿ ಬಂತು, ಹೋತು, ನಾ ತರಲಿಲ್ಲ.

ಮಳಿ ಬೆನ್ನ ತಿರುಗಿಸಿತ್ತು. ಎರಡೆಲಿ ಆದ ಪೈರು ಹೊಲದಾಗ ಸುಟ್ಟು ಹೋತು. ಆರಿದ್ರಿ ಮುಗಿಯೂ ಹೊತ್ತಿಗೆ ಒಂದ ರಾತ್ರಿ ಹದಾ ಮಳಿ ಆತು. ಮುಂಜಾನೆ ಆಯಿ ಕೆಸರಗಾಲಲೇ ಬಂದು ನಿಂತ್ಲು. ಮುಖದಾಗ ಎಂಥಾ ನಗಿ ಅಂತೀರಿ!

"ಕೊಡವ್ವ ತಂಗಿ ಗಡಿಗಿ. ಇವತ್ತ ಬಿತ್ತಿದ್ರ ಬಂತು, ನಾಳೆ ಹದಾ ಇರೂದಿಲ್ಲ."

ತಿಂದೆ ಅಂತ ಹೇಳಬೇಕಿತ್ತು. "ಹುಳಾ ಬಿದ್ದಿತ್ತರಿ ಆಯಿ, ತಿಪ್ಪಿಗೆ ಚೆಲ್ಲಿದೆ" ಅಂದೆ.

ಆಕಿ ಬೈಲಿಲ್ಲ. ತನ್ನ ಎರಡೂ ಕೈ ನೋಡಿಕೊಂಡ್ಲು. "ನಂದ ತಪ್ಪವ್ವ, ಬೂದಿ ಕಡಿಮಿ ಹಾಕಿದ್ನೇನೋ. ನಿನ್ನ ಮನ್ಯಾಗೂ ಹುಳಾ ಮಾಡಿಟ್ಟೆ. ಹೊಟ್ಟ್ಯಾಗ ಹಾಕ್ಕೋ ತಾಯಿ" ಅಂದ್ಲು. ನನ್ನ ಹಂತ್ಯಾಕ ಆಕಿ ಕ್ಷಮಾ ಕೇಳಿದ್ಲು! ಥೂ ನನ್ನ ಜನ್ಮಕ್ಕ.

ಮನಿ ಮನಿ ತಿರುಗಿದ್ಲು. ಎಲ್ಲಾರೂ ಎರಡನೇ ಸಲ ಬಿತ್ತಾವರ, ಯಾರ ಹಂತ್ಯಾಕ ಉಳೀತೈತಿ? ಆ ಮುಂಗಾರಿಗೆ ಆಕಿ ಹೊಲ ಖಾಲಿ ಬಿತ್ತು. ಮಂದಿ ಹೊಲದಾಗ ಕಳೆ ತೆಗೆದು, ಕೂಲಿ ರೊಕ್ಕದಾಗ ಹೆಸರಕಾಳು ಕೊಂಡು ಬೇಸಿದ್ಲು. ಆ ಬೀಜದ ಬಳ್ಳಿ ಅಲ್ಲಿಗೆ ತೀರಿತು... ಎಷ್ಟೋ ಸಲ ಹೇಳಬೇಕಂತ ಆಕಿ ಬಾಗಲಿಗೆ ಹೋದೆ. ಹೋಗಿ ಮಜ್ಜಿಗಿ ಕುಡದು ಬಂದೆ.

ಆಯಿ ಹೋಗಿ ಭಾಳ ವರ್ಷ ಆತು. ಹೋದ ತಿಂಗಳು ಊರಿಗೆ ಹೋಗಿದ್ದೆ. ಆಕಿ ಸೊಸಿ ಕಟ್ಟಿ ಮ್ಯಾಲ ಕುಂತು ಅಂಗಡಿಯಿಂದ ತಂದ ಬೀಜಕ್ಕ ಬೂದಿ ಕಲಸಾಕತ್ತಿದ್ಲು.

"ನಮ್ಮತ್ತಿ ಸಾಯೂತನಕ ಮತ್ತ ಬೀಜ ಮುಟ್ಟಲಿಲ್ಲರಿ" ಅಂದ್ಲು. "ನನ್ನ ಕೈ ಛಲೋ ಇಲ್ಲ, ನೀನ ಹಾಕು ಅಂತಿದ್ರು. ಖರೇನ ಆ ವರ್ಷ ಅಷ್ಟ ಹುಳಾ ಬಿದ್ದಿತ್ತೇನ್ರಿ?"

ಕೇಳಾಕ ಆಯಿ ಇರಲಿಲ್ಲ, ಬೈಯಾಕ ಯಾರೂ ಇರಲಿಲ್ಲ. ಹೇಳಿಬಿಡಬಹುದಿತ್ತು.

"ಹೌದವ್ವ, ಭಾಳ ಬಿದ್ದಿತ್ತು" ಅಂದೆ.