ಏಳು-ಕೆ ಗಾಡಿ

ಮಕ್ತಲದಿಂದ ನಾರಾಯಣಪೇಟೆಗೆ ಹೋಗುವ ರಸ್ತೆಯಲ್ಲಿ ಮಹಾಂತಯ್ಯನ ಗುಜರಿ ಅಂಗಡಿಯಿದೆ. ಅಲ್ಲಿ ಹಳೇ ಗಾಡಿ ಒಡೆಯುವವಳು ಆಶಮ್ಮ. ಒಡೆಯುವವಳು ಅಂದೆ, ಬಿಚ್ಚುವವಳು ಅನ್ನಲಿಲ್ಲ. ಬಿಚ್ಚಲು ಪಾನಾ ಬೇಕು, ತಾಳ್ಮೆ ಬೇಕು. ಅವಳ ಹತ್ತಿರ ಪಾನಾ ಇದೆ, ಅದನ್ನೂ ಹೆಚ್ಚಾಗಿ ಎಸೆಯುವುದಕ್ಕೇ ಬಳಸುತ್ತಾಳೆ. ದೊಡ್ಡ ಸುತ್ತಿಗೆ ಎತ್ತಿ ಒಂದು ಬಾರಿಸಿದಳೆಂದರೆ ಕಾರಿನ ಬಾಗಿಲು ಕಳಚಿ ನೆಲಕ್ಕೆ ಬೀಳಬೇಕು. ತೂಕದಲ್ಲಿ ಮೋಸ ಮಾಡಲು ಬಂದ ಒಬ್ಬನ ಕಿವಿ ಕಚ್ಚಿದ್ದಳು. ಸೆರಗಿಗೆ ಕೈ ಹಾಕಿದ ಇನ್ನೊಬ್ಬ ಮುಂದಿನ ಹಲ್ಲುಗಳನ್ನು ಅಲ್ಲೇ ಬಿಟ್ಟುಹೋದ. ಅವಳನ್ನು ಕಂಡರೆ ಗಂಡಸರು ರಸ್ತೆಯ ಆಚೆ ಬದಿಗೆ ಸರಿದುಕೊಳ್ಳುತ್ತಾರೆ. ನನ್ನ ಪಂಕ್ಚರ್ ಅಂಗಡಿ ಇರುವುದೇ ಆಚೆ ಬದಿಯಲ್ಲಿ. ಹಾಗಾಗಿ ಎಲ್ಲವನ್ನೂ ನೋಡಿದ್ದೇನೆ.

ಮೊದಲು ಅವಳು ಹೀಗಿರಲಿಲ್ಲ ಎಂದು ಜನ ಹೇಳುತ್ತಾರೆ. ಸುಳ್ಳು. ಮೊದಲೂ ಹೀಗೇ ಇದ್ದಳು. ಆದರೆ ಆಗ ಏರಿದ ಸಿಟ್ಟು ಇಳಿಯುತ್ತಿತ್ತು, ಯಾಕೆಂದರೆ ಇಳಿಸುವವನು ಮನೆಯಲ್ಲಿದ್ದ. ಅವಳ ಗಂಡ ಯಂಕಣ್ಣ ಟಿಂಕರಿಂಗ್ ಕೆಲಸದವನು, ಗುದ್ದಿಸಿಕೊಂಡ ಗಾಡಿಗಳ ತಗಡು ಬಡಿದು ಸರಿಮಾಡುತ್ತಿದ್ದ. ಕುರುಬರ ಮನೆತನ; ಬೀರಪ್ಪ, ಮೈಲಾರ ಎಂದರೆ ಜೀವ ಬಿಡುವವರು. ಹಳೇ ಕಾರುಗಳ ಕೆಲಸವಿದ್ದರೆ ಯಂಕಣ್ಣ ಗದ್ವಾಲಿಗೆ ಹೋಗಿಬರುತ್ತಿದ್ದ. ಹಾಗೆ ಹೋದವನನ್ನು ಒಂದು ಸಂಜೆ ಆಟೋದಲ್ಲಿ ಮಲಗಿಸಿಕೊಂಡು ತಂದರು. ಧರೂರಿನ ಹತ್ತಿರ ಕಾಲುವೆಯ ಏರಿಯ ಮೇಲೆ ಬಿದ್ದಿದ್ದನಂತೆ. ತಲೆಯ ಹಿಂಭಾಗ ಒಡೆದಿತ್ತು, ದವಡೆ ಒಂದು ಕಡೆಗೆ ತಿರುಗಿತ್ತು, ಬಲಗೈ ಬೆರಳುಗಳು ಜಜ್ಜಿಹೋಗಿದ್ದವು.

ಅಂಗಳದಲ್ಲಿ ಇಳಿಸಿದಾಗ ಇನ್ನೂ ಉಸಿರಿತ್ತು. ಆಶಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಯಾರು ಹೊಡದ್ರು? ಹೇಳು, ಯಾರು?" ಎಂದು ಕೇಳಿದಳು.

"ಏಳ್... ಕೆ..." ಎಂದ ಯಂಕಣ್ಣ.

ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಎಂಕಮ್ಮ, "ಏಳುಕೋಟಿ ಅನ್ನಾಕತ್ಯಾನ! ನನ್ನ ಮಗ ಮೈಲಾರಪ್ಪನ್ನ ಕರ್ಯಾಕತ್ಯಾನ!" ಎಂದು ಚೀರಿದಳು. ಅಷ್ಟು ಸಾಕಾಯಿತು. "ಏಳುಕೋಟಿ ಏಳುಕೋಟಿ ಏಳುಕೋಟಿಗೋ!" ಎಂದು ನೆರೆದವರೆಲ್ಲ ಎತ್ತಿಕೊಂಡರು. ಮೈಲಾರನ ಒಕ್ಕಲಿನವರಿಗೆ ಆ ಕೂಗು ಕಿವಿಗೆ ಬಿದ್ದರೆ ಸುಮ್ಮನಿರಲು ಬರುವುದಿಲ್ಲ. ಯಾರೋ ಭಂಡಾರದ ಅರಿಶಿನ ತಂದು ಅವನ ಹಣೆಗೆ ಬಳಿದರು. ಯಂಕಣ್ಣ ತಲೆಯನ್ನು ಅತ್ತಿತ್ತ ಆಡಿಸಿ ಮತ್ತೆ ಏನೋ ಹೇಳಿದ, ಗದ್ದಲದಲ್ಲಿ ಕೇಳಿಸಲಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಆಶಮ್ಮನೇ. ಆ ಕೂಗಿನ ನಡುವೆಯೇ ಅವನ ಪ್ರಾಣ ಹೋಯಿತು.

ದೇವರ ಹೆಸರು ಹೇಳುತ್ತಾ ಹೋದ ಪುಣ್ಯವಂತ ಎಂದು ಊರೆಲ್ಲ ಕೊಂಡಾಡಿತು. ಯಾವುದೋ ಲಾರಿ ಗುದ್ದಿರಬೇಕು ಎಂದು ಎಲ್ಲರೂ ಒಪ್ಪಿಕೊಂಡರು. ಎಂಕಮ್ಮ ಮನೆಗೆ ಬಂದವರಿಗೆಲ್ಲ ಮಗನ ಕೊನೆಯ ಮಾತು ಹೇಳುತ್ತಿದ್ದಳು, ಹೇಳುತ್ತಲೇ ದಿನ ದೂಡಿದಳು. ಆಶಮ್ಮನ ಹೊಟ್ಟೆಯಲ್ಲಿ ಮಾತ್ರ ಬೆಂಕಿ ಆರಲಿಲ್ಲ. ಲಾರಿ ಗುದ್ದಿದರೆ ಬೆರಳು ಹಾಗೆ ಒಂದೊಂದಾಗಿ ಜಜ್ಜಿಹೋಗುತ್ತವೆಯೇ? ಹೊಡೆದವನು ಯಾರು ಎಂದು ತಿಳಿಯಬೇಕು. ಅವಳಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಇನ್ನು ಅದೊಂದೇ.

ಮಹಾಂತಯ್ಯನ ಹತ್ತಿರ ಕೆಲಸಕ್ಕೆ ಸೇರಿದ್ದು ಆಮೇಲೆ. ಅವನು ರಾಯಚೂರು ಕಡೆಯಿಂದ ಬಂದ ವ್ಯಾಪಾರಿ, ಮೆತ್ತನೆಯ ಮನುಷ್ಯ, ಆಳಿಗೇ ಹೆದರುವ ಸಾಹುಕಾರ. ಒಂದು ದಿನ ಹಳೇ ಕಾರೊಂದರ ಬಾನೆಟ್ ಎತ್ತಿ, ಒಳಗೆ ಕಾರ್ಖಾನೆಯವರು ಹೊಡೆದಿದ್ದ ಚಿಕ್ಕ ತಗಡನ್ನು ತೋರಿಸಿದ.

"ನೋಡು ಆಶಮ್ಮ, ಒಡ್ಯಾಕ ಮೊದಲು ಈ ಪ್ಲೇಟ್ ಓದಬೇಕು. ಯಾವ ಸಾಮಾನು ಯಾವ ಗಾಡಿಗೆ ಕೂಡತೈತಿ ಅಂತ ಗೊತ್ತಾಗತೈತಿ. ಮೊದಲನೇ ಅಂಕಿ ಅಂದ್ರ ಇಸವಿಯ ತುದಿ ಅಂಕಿ, ಅಕ್ಷರ ತಿಂಗಳು. ಎ ಅಂದ್ರ ಜನವರಿ. ನಡುವ ಐ ಬಿಟ್ಟುಬಿಡ್ತಾರ, ಒಂದರಂಗ ಕಾಣತೈತಿ ಅಂತ. ಕಡೀ ಅಂಕಿ ಬಣ್ಣ. ನಿನ್ನ ಗಂಡಗ ಇದೆಲ್ಲಾ ಬಾಯಿಪಾಠ. ಆಂವ ಗಿರಾಕಿ ಹೆಸರು ನೆನಪಿಡತಿದ್ದಿಲ್ಲ, ಪ್ಲೇಟ್ ನೋಡೇ ಮಂದೀನ ಕರೀತಿದ್ದ. ಆರು-ಬಿ ಬಂದಿದ್ನೇನು, ಒಂಬತ್ತು-ಡಿ ಸಿಟ್ಟಾಗ್ಯಾನೇನು, ಹಿಂಗ."

ಆಶಮ್ಮ ತಗಡಿನ ಮೇಲೆ ಬೆರಳಿಟ್ಟಳು. "ಏಳು-ಕೆ ಅಂತಾನೂ ಇರತೈತೇನ್ರಿ?"

"ಯಾಕಿರಂಗಿಲ್ಲ? ಕೆ ಅಂದ್ರ ಅಕ್ಟೋಬರ್. ಅರವತ್ತೇಳನೇ ಇಸವಿ ಗಾಡಿ ಆಗಿರಬೇಕು."

ಅವಳು ಸುತ್ತಿಗೆ ಎತ್ತಿಕೊಂಡು ಹೋಗಿ ಒಂದು ಜೀಪನ್ನು ರೊಟ್ಟಿಯಂತೆ ತಟ್ಟಿಬಿಟ್ಟಳು. ಆ ಜೀಪು ಇವಳಿಗೇನು ಮಾಡಿತ್ತಪ್ಪಾ ಎಂದು ಎದುರು ಕೂತು ನಕ್ಕಿದ್ದೆ. ಅಂದಿನಿಂದ ಯಾವ ಹಳೇ ಕಾರು ಬಂದರೂ, ಒಡೆಯಲಿಕ್ಕೆ ಬಂದಿರಲಿ ಬಿಡಲಿ, ಮೊದಲು ಅದರ ಬಾನೆಟ್ ಎತ್ತುತ್ತಿದ್ದಳು. ಬೈದವರನ್ನು ಒಮ್ಮೆ ನೋಡಿದರೆ ಸಾಕು, ಸುಮ್ಮನಾಗುತ್ತಿದ್ದರು.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗದ್ವಾಲಿನ ಭೀಮಶಂಕರ್ ಬಂದ. ಹಳೇ ಕಾರುಗಳಿಗೆ ಹೊಳಪು ಕೊಟ್ಟು, ಇರುವುದಕ್ಕಿಂತ ಹಳೆಯವೆಂದು ನಂಬಿಸಿ, ಷೋಕಿ ಇದ್ದವರಿಗೆ ಮಾರುವವನು. ಬಾಗಿಲ ಹಿಡಿ ಬೇಕಿತ್ತು, ಕಪ್ಪು ಕಾರು ತಂದಿದ್ದ. ಆಶಮ್ಮ ಬಾನೆಟ್ ಎತ್ತಿದಳು. ತಗಡಿನ ಮೇಲೆ ಏಳು, ಕೆ, ಕೊನೆಯಲ್ಲಿ ನಾಲ್ಕು. ನಾಲ್ಕು ಅಂದರೆ ಕೆನೆ ಬಣ್ಣ. ಅವಳು ಸ್ಕ್ರೂಡ್ರೈವರಿನಿಂದ ತಗಡಿನ ಪಕ್ಕದ ಬಾಡಿಯ ಬಣ್ಣ ಕೆರೆದಳು. ಮೇಲೆ ಕಪ್ಪು, ಕೆಳಗೆ ನೀಲಿ, ಅದರ ಕೆಳಗೆ ಬರೀ ಕಬ್ಬಿಣ. ಕೆನೆ ಬಣ್ಣದ ಸುಳಿವೇ ಇಲ್ಲ. ತಗಡನ್ನು ಬೇರೆ ಕಾರಿನಿಂದ ಕಿತ್ತು ತಂದು ಕೂಡಿಸಿದ್ದರು.

"ಈ ಪ್ಲೇಟ್ ಈ ಗಾಡಿದಲ್ರಿ," ಎಂದಳು.

ಭೀಮಶಂಕರ್ ಅವಳ ಜಡೆ ಹಿಡಿದು ಮುಖವನ್ನು ರೇಡಿಯೇಟರಿಗೆ ಅಪ್ಪಳಿಸಿದ. "ನೋರು ಮೂಯ್, ಬಾಯಿ ಮುಚ್ಚು! ಹಿಂಗಂದ ಟಿಂಕರ್ ಒಬ್ಬಾಂವ ಕಾಲುವಿ ಏರಿ ಮ್ಯಾಲ ಸತ್ತ. ನಿನಗೂ ಅದ ಬೇಕೇನ?"

ಮೂಗಿನಿಂದ ರಕ್ತ ಸುರಿಯುತ್ತಿತ್ತು. ಆಶಮ್ಮ ಅದನ್ನು ಒರೆಸಿಕೊಳ್ಳಲೂ ಇಲ್ಲ. ತಿರುಗಿ ಸುತ್ತಿಗೆ ಎತ್ತಿ ಜಡೆ ಹಿಡಿದ ಕೈಗೇ ಬಾರಿಸಿದಳು. ಮೂಳೆ ಮುರಿದ ಸದ್ದು ನನ್ನ ಅಂಗಡಿಗೆ ಕೇಳಿಸಿತು. ಅವನು ಬಿದ್ದು ಹೊರಳಾಡಿದ. ನಾವೆಲ್ಲ ಅಲ್ಲಿಗೆ ಓಡಿದೆವು. ತಡೆಯಲಿಕ್ಕಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವಳು ಅವನ ಎದೆಯ ಮೇಲೆ ಕಾಲಿಟ್ಟು ಸುತ್ತಿಗೆಯನ್ನು ತಲೆಯ ನೇರಕ್ಕೆ ಎತ್ತಿ ಹಿಡಿದಿದ್ದಳು.

"ಆ ಟಿಂಕರ್ ನನ್ನ ಗಂಡ. ಹೇಳು. ಮಂದಿ ಕೇಳಲಿ."

ಅವನು ಎಲ್ಲವನ್ನೂ ಕಕ್ಕಿದ. ಕೊಳ್ಳಲು ಬಂದವರ ಎದುರಿಗೇ ಯಂಕಣ್ಣ ಪ್ಲೇಟು ಸುಳ್ಳೆಂದುಬಿಟ್ಟ, ವ್ಯಾಪಾರ ಮುರಿಯಿತು, ಜಾಕಿನ ರಾಡಿನಿಂದ ಹೊಡೆದೆ, ಇನ್ನು ಮುಂದೆ ಯಾರ ಗಾಡಿಯನ್ನೂ ಮುಟ್ಟದಿರಲಿ ಎಂದು ಬೆರಳು ಜಜ್ಜಿದೆ ಎಂದ. "ಸಾಯ್ತಾನಂತ ಗೊತ್ತಿದ್ದಿಲ್ಲಬೇ," ಎಂದು ಅತ್ತ.

"ಬ್ಯಾಡವ್ವಾ, ಬ್ಯಾಡ," ಎಂದು ಮಹಾಂತಯ್ಯ ಕೈಮುಗಿದ. ಸುತ್ತಿಗೆ ಇಳಿಯಿತು, ಕಾರಿನ ಗಾಜಿನ ಮೇಲೆ. ಪೊಲೀಸರು ಬರುವವರೆಗೂ ಬಡಿಯುತ್ತಲೇ ಇದ್ದಳು. ಇಬ್ಬರನ್ನೂ ಕರೆದೊಯ್ದರು. ಕೊಲೆಯ ಕೇಸು ಅವನ ಮೇಲೆ, ಕೈ ಮುರಿದ ಕೇಸು ಇವಳ ಮೇಲೆ.

ಜಾಮೀನು ಸಿಕ್ಕ ದಿನ ನನ್ನ ಬೈಕಿನಲ್ಲೇ ಅವಳನ್ನು ಮನೆಗೆ ಬಿಟ್ಟೆ. ಎಂಕಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಊರು ಎಲ್ಲವನ್ನೂ ಹೇಳಿಯಾಗಿತ್ತು. ಆದರೂ ಅವಳಿಗೆ ಸೊಸೆಯ ಬಾಯಿಂದ ಕೇಳಬೇಕಿತ್ತು.

"ನನ್ನ ಮಗ ಮೈಲಾರಪ್ಪನ ಹೆಸರು ಹೇಳಲಿಲ್ಲೇನ?"

ಒಂದು ಸುಳ್ಳು ಹೇಳಿದ್ದರೆ ಮುದುಕಿಯ ಜೀವ ತಣ್ಣಗಿರುತ್ತಿತ್ತು. ಆಶಮ್ಮನಿಗೆ ಅದು ಬರುವುದಿಲ್ಲ.

"ಇಲ್ಲತ್ತಿ. ಯಾರು ಹೊಡದ್ರಂತ ನಾ ಕೇಳಿದ್ನಲ್ಲ, ಅದನ್ನ ಹೇಳಿದ. ನಾವು ಕೇಳಲಿಲ್ಲ. ಒದರಿದ್ವಿ."

ಎಂಕಮ್ಮ ಚಪ್ಪಲಿ ತೆಗೆದು ಸೊಸೆಯ ಮುಖಕ್ಕೆ, ಹೆಗಲಿಗೆ, ಎದೆಗೆ ಹೊಡೆದಳು. ಕೈ ಸೋಲುವ ತನಕ ಹೊಡೆದಳು. ಊರ ಗಂಡಸರ ನೀರಿಳಿಸಿದ ಹೆಂಗಸು ಕೈ ಕೂಡ ಅಡ್ಡ ತರದೆ ನಿಂತಿದ್ದಳು. ಬಿಡಿಸಲು ನನಗೆ ಧೈರ್ಯ ಬರಲಿಲ್ಲ. ಕೊನೆಗೆ ಮುದುಕಿ ಕುಸಿದು ಕೂತು ಸೊಸೆಯ ಸೀರೆಯ ನಿರಿಗೆ ಹಿಡಿದುಕೊಂಡಳು.

"ಆಂವಂದು ಕೈ ಒಂದ ಯಾಕ ಮುರದಿ?" ಎಂದಳು.