ಅರ್ಧ ಮಾತ್ರೆ

ಎರಡು ಸರ್ಕಾರಗಳ ಪಾಲಿನ ಜಗಳದಲ್ಲಿ ಬಿದ್ದುಹೋದದ್ದು ಅಂತರಸಂತೆಯ ದೇವೀರಮ್ಮನ ಬಲಗೈ. ರಾಜ್ಯದಲ್ಲಾಗಲಿ ಕೇಂದ್ರದಲ್ಲಾಗಲಿ ಬೇರಾರ ಕೈಗೂ ಏನೂ ಆಗಿಲ್ಲ.

ಇದನ್ನು ಬರೆಯುವಾಗ ನನ್ನ ಬೆರಳುಗಳಲ್ಲಿ ಅಡಿಕೆಯ ಒಗರು ವಾಸನೆ ಇನ್ನೂ ಇದೆ. ಈ ದಿನ ಸಂತೆಯಲ್ಲಿ, ದೇವೀರಮ್ಮನ ಎಲೆ-ಅಡಿಕೆಯ ಬುಟ್ಟಿಯ ಪಕ್ಕದಲ್ಲಿ ಕೂತು, ಅವರದೇ ಅಡಕತ್ತರಿ ಹಿಡಿದಿದ್ದೆ. ಆರೋಗ್ಯದ ಹಕ್ಕಿಗಾಗಿ ಊರೂರು ಅಲೆಯುವ ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. "ಬಾರಪ್ಪ ಅರ್ಜಿಯಪ್ಪ, ಇವತ್ಯಾರ್ ಮ್ಯಾಲೆ?" ಎಂಬುದೇ ಸ್ವಾಗತ.

ಮೊದಲು ಸಂತೆಯ ದಿನವೇ ಸಂಚಾರಿ ಆಸ್ಪತ್ರೆಯ ವ್ಯಾನು ಬಂದು ಹುಣಸೆಮರದಡಿ ನಿಲ್ಲುತ್ತಿತ್ತು. ನರ್ಸಮ್ಮ ಬಿ.ಪಿ. ನೋಡಿ ಮಾತ್ರೆ ಕೊಡುತ್ತಿದ್ದರು. ವ್ಯಾಪಾರ ಬಿಟ್ಟು ಸರದಿಯಲ್ಲಿ ನಿಲ್ಲಲು ಪುರುಸೊತ್ತು ಯಾರಿಗಿದೆ? ಖಾಲಿಯಾದ ಮಾತ್ರೆಯ ಹಾಳೆಯನ್ನು ಕಲ್ಲಿನಡಿ ಇಟ್ಟು ಹೋಗುವುದು ಅಲ್ಲಿನ ಪದ್ಧತಿ. ಕಲ್ಲುಗಳು ಸಾಲಾಗಿ ಕಾಯುತ್ತಿದ್ದವು. ಒಬ್ಬರ ಕಲ್ಲನ್ನು ಇನ್ನೊಬ್ಬರು ಹಿಂದಕ್ಕೆ ಸರಿಸಿದ್ದನ್ನು ನಾನು ಕಂಡಿಲ್ಲ.

ಒಂದು ಸಂತೆಗೆ ವ್ಯಾನು ಬರಲಿಲ್ಲ. ವಿಚಾರಿಸಿದೆ. ವ್ಯಾನಿನ ಮೈಮೇಲೆ ತನ್ನ ಯೋಜನೆಯ ಹೆಸರೇ ಇರಬೇಕೆಂದು ಕೇಂದ್ರದ ಪಟ್ಟು. ಹೆಚ್ಚು ಖರ್ಚು ತನ್ನದಾದ್ದರಿಂದ ಹೆಸರೂ ತನ್ನದೆಂದು ರಾಜ್ಯದ ವಾದ. ಅವರು ಅನುದಾನ ತಡೆದರು, ಇವರು ಡೀಸೆಲ್ ತಡೆದರು. 'ಮಾತುಕತೆ ಪ್ರಗತಿಯಲ್ಲಿದೆ' ಎಂಬ ಉತ್ತರ ಬಂತು. ಹೆಸರಿಗಾಗಿ ಔಷಧಿಯನ್ನು ಒತ್ತೆಯಿಟ್ಟದ್ದು ಒಂದು ತಪ್ಪು. ವ್ಯಾನು ನಿಂತಿತೆಂದು ರೋಗಿಗಳಿಗೆ ಒಂದು ಮಾತೂ ತಿಳಿಸದಿದ್ದದ್ದು ಇನ್ನೊಂದು. ತಪ್ಪು ಎಣಿಸುವುದರಲ್ಲಿ ನಾನು ಪಳಗಿದವನು. ಮದುವೆಯ ಊಟದಲ್ಲೂ ಅನ್ಯಾಯ ಹುಡುಕುತ್ತೇನೆಂದು ಮನೆಯವರು ನಗುತ್ತಾರೆ. ಅಂಥ ನಾನೇ ಸಂತೆಯ ಹೆಂಗಸರಿಗೆ ಹೇಳಿದೆ: "ಮುಂದಿನ ಸಂತೆಗೆ ಬಂದೇ ಬರುತ್ತದೆ, ಅಲ್ಲಿಯವರೆಗೆ ಸುಧಾರಿಸಿಕೊಳ್ಳಿ."

ಮರುವಾರ ಹೋದಾಗ ದೇವೀರಮ್ಮ ಅಡಕತ್ತರಿಯ ಬಾಯಿಗೆ ಬಿಳಿಯ ಮಾತ್ರೆಯೊಂದನ್ನು ಕೊಟ್ಟಿದ್ದರು.

"ನಂಗರ್ಧ, ಸೊಪ್ಪಿನ ಕಾಳಮ್ಮಂಗರ್ಧ. ಅವ್ಳದು ಮುಗ್ದೋಯ್ತು ಕಣಪ್ಪ. ನೀನೇ ಅಂದ್ಯಲ್ಲ, ಸುದಾರ್ಸ್ಕಳಿ ಅಂತ?"

ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಕಾಳಮ್ಮ ಅಂಗೈ ಚಾಚಿದರು. "ಒಂದ್ ಚೂರೂ ಉದುರ್ಸಾಕಿಲ್ಲ ನೋಡು. ಚಿನ್ನ ಕತ್ತರ್ಸ್ದಂಗೆ ಕತ್ತರಿಸ್ತಾಳೆ ಮುದ್ಕಿ!"

ನನಗೆ ಕಣ್ಣು ತುಂಬಿ ಬಂತು. ಆ ವಾರವೇ ಹುಣಸೂರಿನ ಧರಣಿಯಲ್ಲಿ ಹೇಳಿದೆ: "ಅಂತರಸಂತೆಯ ಇಬ್ಬರು ಹೆಂಗಸರಿಗೆ ಒಂದು ಮಾತ್ರೆ ಹಂಚಿಕೊಳ್ಳಲು ಬರುತ್ತದೆ, ಎರಡು ಸರ್ಕಾರಗಳಿಗೆ ಒಂದು ವ್ಯಾನು ಹಂಚಿಕೊಳ್ಳಲು ಬರುವುದಿಲ್ಲ!" ಚಪ್ಪಾಳೆ ಬಿತ್ತು. ಪಿರಿಯಾಪಟ್ಟಣದಲ್ಲೂ ಹೇಳಿದೆ, ಕೆ.ಆರ್. ನಗರದಲ್ಲೂ. ಅರ್ಧ ಮಾತ್ರೆಗೆ ರಕ್ತದೊತ್ತಡ ನಿಲ್ಲುವುದಿಲ್ಲವೆಂದು ಆ ಇಬ್ಬರಿಗೆ ತಿಳಿಹೇಳಬೇಕೆಂದಾಗಲಿ, ಹುಣಸೂರಿನ ಔಷಧಿ ಅಂಗಡಿಯಿಂದ ಎರಡು ಹಾಳೆ ತಂದುಕೊಡಬೇಕೆಂದಾಗಲಿ ನನಗೆ ಹೊಳೆಯಲಿಲ್ಲ. ಆ ವಾಕ್ಯ ನನಗೆ ಅಷ್ಟು ಹಿಡಿಸಿತ್ತು.

ವ್ಯಾನು ಬಾರದೆ ಸಂತೆಗಳು ಕಳೆದವು. ಅರ್ಧ ಮಾತ್ರೆ ಕಾಲು ಮಾತ್ರೆಯಾಯಿತು. ಒಂದು ಮಧ್ಯಾಹ್ನ, ಗಿರಾಕಿಯೊಬ್ಬರಿಗೆ ಅಡಿಕೆ ಸೀಳುತ್ತಿದ್ದಾಗಲೇ ದೇವೀರಮ್ಮನ ಕೈಯಿಂದ ಅಡಕತ್ತರಿ ಜಾರಿತು. ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ಕರೆದೊಯ್ದರು. ಜೀವ ಉಳಿಯಿತು. ಕೈ ಮರಳಲಿಲ್ಲ.

ಆಸ್ಪತ್ರೆಯ ಮಂಚದ ಬಳಿ ಕೂತು ನನ್ನ ಭಾಷಣದ ಕಥೆ ಒಪ್ಪಿಸಿದೆ. ಅವರು ತೊದಲುತ್ತ ಅಂದರು: "ಬುಡಪ್ಪ. ಎಲ್ರೂ ಕೈ ತಟ್ಟುದ್ರಾ? ನಾನೂ ತಟ್ತಿದ್ದೆ. ಈಗ ಆಗಾಕಿಲ್ಲ, ಅಷ್ಟೇಯ."

ಈ ದಿನ ನಾನು ಸೀಳಿದ ಅಡಿಕೆ ಒಂದು ಹೋಳು ದಪ್ಪ, ಇನ್ನೊಂದು ಪುಡಿ. "ಅಡ್ಕೆ ಸೀಳಕೂ ಅರ್ಜಿ ಆಕ್ಬೇಕೇನ್ಲಾ ನೀನು?" ಎಂದು ದೇವೀರಮ್ಮ ಅರ್ಧ ಮುಖದಲ್ಲಿ ನಕ್ಕರು. ಇಬ್ಬರಿಗೂ ತಿಂಗಳಿಗಾಗುವಷ್ಟು ಮಾತ್ರೆ ತಂದಿದ್ದೆ; ಈಗ ಭಾಷಣಕ್ಕಿಂತ ಮೊದಲು ಆ ಕೆಲಸ. ಆದರೆ ನನ್ನ ಜೋಳಿಗೆ ಸರ್ಕಾರವಲ್ಲ, ಸಂತೆಗೆ ಬರುವವರು ಇಬ್ಬರೇ ಅಲ್ಲ. ಹೊರಡುವಾಗ ನೋಡಿದರೆ, ಹುಣಸೆಮರದಡಿ ಕಾಳಮ್ಮ ಎರಡು ಖಾಲಿ ಹಾಳೆಗಳನ್ನು ಎರಡು ಕಲ್ಲುಗಳ ಕೆಳಗೆ ಇಡುತ್ತಿದ್ದರು.

ಎರಡೂ ಸರ್ಕಾರಗಳ ಆರೋಗ್ಯ ಮಂತ್ರಿಗಳೇ, ಪಾಲಿನ ಮಾತುಕತೆ ಎಷ್ಟು ಕಾಲ ನಡೆದರೂ ಮಾತ್ರೆ ನಿಲ್ಲಕೂಡದೆಂದು ಒಂದೇ ಕಾಗದಕ್ಕೆ ಇಬ್ಬರೂ ಸಹಿ ಹಾಕಿ. ಯಾರ ಹೆಸರೂ ಬರೆಯದೆ ಆ ವ್ಯಾನನ್ನು ಮುಂದಿನ ಸಂತೆಗೆ ಕಳಿಸಿ. ಸರದಿ ಸಿದ್ಧವಿದೆ. ಮೊದಲ ಕಲ್ಲು ದೇವೀರಮ್ಮನದು.